ಪಿಚ್ಚರಿನ ಕೊನೆಯ ಕಾಲು ಗಂಟೆ

ನಮ್ಮ ಬಿಳಿಗೆರೆಯ ಗಂಗಲಕ್ಷ್ಮಿ ತಿಪಟೂರಿನ ಥಿಯೇಟರಿನಲ್ಲಿ ಕಡಿಮೆಯೆಂದರೂ ನಲವತ್ತು ಪಿಚ್ಚರ್ ನೋಡಿದ್ದಾಳೆ. ಒಂದರ ಕೊನೆಯನ್ನೂ ನೋಡಿರಲಿಲ್ಲ. ಇದನ್ನು ಅವಳು ಮೊದಲ ಸಲ ಹೇಳಿದಾಗ ನನಗೆ ನಗು ಬಂತು. ಆಮೇಲೆ ಕೂತು ಯೋಚಿಸಿದರೆ ನಾನೂ ನೋಡಿರಲಿಲ್ಲ. ನಮ್ಮ ಬೀದಿಯ ಯಾವ ಹೆಂಗಸೂ ನೋಡಿರಲಿಲ್ಲ.

ಅವಳ ಗಂಡ ರಾಜಣ್ಣ ಕಾಯಿಸಿಪ್ಪೆ ಸಾಗಿಸುವ ಲಗೇಜ್ ಆಟೊ ಇಟ್ಟುಕೊಂಡಿದ್ದಾನೆ. ಮದುವೆಯಾದ ಹೊಸದರಲ್ಲಿ ಆಟೊ ಇರಲಿಲ್ಲ, ಬಸ್ಸಿನಲ್ಲಿ ಹೋಗುತ್ತಿದ್ದರು. ಮ್ಯಾಟಿನಿ ಮುಗಿಯುವ ಹೊತ್ತಿಗೆ ಬಸ್ಸು ಹೊರಟುಬಿಡುತ್ತದೆ ಎಂದು ಕೊನೆಯ ಫೈಟು ಶುರುವಾದ ಕೂಡಲೇ ರಾಜಣ್ಣ "ಏಳು, ಏಳು" ಅನ್ನುತ್ತಿದ್ದ. ಸರಿ, ಬಸ್ಸಿನ ಮಾತು ನಿಜ. ಆಮೇಲೆ ಆಟೊ ಬಂತು. ಆಗಲೂ ಫೈಟು ಶುರುವಾಗುತ್ತಲೇ "ಏಳು, ಏಳು." ಯಾಕೆ ಅಂದರೆ, ಆಟ ಬಿಟ್ಟಾಗ ಬಾಗಿಲಲ್ಲಿ ಗಂಡಸರು ನುಗ್ಗುತ್ತಾರೆ, ರಶ್ಶಾಗುತ್ತದೆ. ಅದೂ ನಿಜವೇ. ಈಗ ಮ್ಯಾಟಿನಿಗೆ ಇಡೀ ಥಿಯೇಟರಿನಲ್ಲಿ ಅರವತ್ತು ಜನ ಕೂತಿದ್ದರೆ ಹೆಚ್ಚು. ಯಾವ ರಶ್ಶೂ ಇಲ್ಲ. ಆದರೂ "ಏಳು, ಏಳು." ಈಗ ಯಾಕೆ ಅಂತ ಕೇಳಿದರೆ, "ಇನ್ನೇನಿದೆ ಅದ್ರಲ್ಲಿ, ಬರೀ ಹೊಡೆದಾಟ, ನಿಂಗ್ಯಾಕೆ?"

ಥಿಯೇಟರಿನವರೂ ಇದಕ್ಕೆ ಒಗ್ಗಿಹೋಗಿದ್ದರು. ಹೆಂಗಸರು ಕೂರುವ ಕಡೆ ಗೋಡೆಯಲ್ಲಿ ಒಂದು ಸಣ್ಣ ಬಾಗಿಲಿದೆ. ಆಟ ಮುಗಿಯಲು ಕಾಲು ಗಂಟೆ ಇರುವಾಗ ಗೇಟಿನ ನವಾಜ್ ಬಂದು ಅದನ್ನು ತೆರೆದು, ಪರದೆಯನ್ನು ಒಂದು ಕಡೆಗೆ ಎತ್ತಿ ಹಿಡಿದು ನಿಲ್ಲುತ್ತಾನೆ. ಹೊರಗಿನ ಬಿಸಿಲು ಒಳಗೆ ಬಂದು ತೆರೆಯ ಮೇಲಿನ ಮುಖಗಳೆಲ್ಲ ಬೆಳ್ಳಗಾಗುತ್ತವೆ. ಆ ಬಿಸಿಲು ಬಿದ್ದ ತಕ್ಷಣ ನಾವು ಸೆರಗು ಸರಿಮಾಡಿಕೊಂಡು, ಚೀಲ ಎತ್ತಿಕೊಂಡು, ಮಕ್ಕಳಿಗೆ ಚಪ್ಪಲಿ ಹಾಕಿ, ಸಾಲಾಗಿ ಎದ್ದುಬಿಡುತ್ತೇವೆ. ನಮ್ಮ ಪಾಲಿಗೆ ಪಿಚ್ಚರ್ ಮುಗಿಯುವುದು ಅಲ್ಲಿಗೆ.

ಟೀವಿಯಲ್ಲಿ ನೋಡಬಹುದಲ್ಲ ಅನ್ನುವವರು ಮುದ್ದೆ ಮಾಡುವ ಮನೆಯಲ್ಲಿ ಬಾಳಿದವರಲ್ಲ. ಸಂಜೆ ಆರಕ್ಕೆ ಶುರುವಾದ ಪಿಚ್ಚರ್ ಕೊನೆಗೆ ಬರುವ ಹೊತ್ತಿಗೆ ಸರಿಯಾಗಿ ಎಸರು ಕುದಿಯುತ್ತದೆ. ಹಿಟ್ಟು ಸುರಿದ ಮೇಲೆ ಕೋಲು ಕೈಬಿಟ್ಟು ಬರುವುದಕ್ಕಾಗುವುದಿಲ್ಲ, ಗಂಟಾಗುತ್ತದೆ. ಗಂಗಲಕ್ಷ್ಮಿ ಒಳಗಿನಿಂದಲೇ ಕೂಗುತ್ತಾಳೆ: "ರೀ, ಆ ಅತ್ತಿಗೆ ಏನಾದ್ಲು?" ರಾಜಣ್ಣ ಹೇಳುತ್ತಾನೆ: "ಯಾವ ಅತ್ತಿಗೆ?"

ಮೂವತ್ತು ವರ್ಷದ ಸಂಸಾರದಲ್ಲಿ ತನಗೆ ಈ ಒಂದು ಮಾತಿಗೆ ರೇಗಿದಷ್ಟು ಇನ್ನಾವುದಕ್ಕೂ ರೇಗಿಲ್ಲ ಎಂದು ಅವಳು ಹೇಳುತ್ತಾಳೆ. ಮೂರು ಗಂಟೆ ಕೂತು ನೋಡಿದ ಮನುಷ್ಯ "ಯಾವ ಅತ್ತಿಗೆ" ಅಂತಾನಲ್ಲ!

ಗಂಗಲಕ್ಷ್ಮಿ ಕೊಬ್ಬರಿ ಒಡೆಯುವ ಕೆಲಸ ಮಾಡುತ್ತಾಳೆ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯಿಯನ್ನು ಗಂಡಸರು ಸುಲಿದು ರಾಶಿ ಹಾಕುತ್ತಾರೆ. ನಾವು ಹೆಂಗಸರು ಸುತ್ತ ಕೂತು ಕರಟ ಒಡೆದು ಒಳಗಿನ ಉಂಡೆಯನ್ನು ಇಡಿಯಾಗಿ ತೆಗೆಯುತ್ತೇವೆ. ಉಂಡೆಗೆ ಪೆಟ್ಟು ಬಿದ್ದರೆ ಅದು ಚೂರಿನ ಲೆಕ್ಕಕ್ಕೆ ಹೋಗುತ್ತದೆ. ಅವಳ ಕೈಯಲ್ಲಿ ದಿನಕ್ಕೆ ಒಂದೋ ಎರಡೋ ಒಡೆದರೆ ಹೆಚ್ಚು. ಯಾವ ಕೆಲಸವನ್ನೂ ಮುಕ್ಕಾಲು ಮಾಡಿ ಬಿಡುವವಳಲ್ಲ. ಇಂಥವಳಿಗೆ ಮುಕ್ಕಾಲು ಪಿಚ್ಚರ್ ನೋಡಿ ಎದ್ದುಬರುವ ಹಣೆಬರಹ.

ಹಾಗಾಗಿ ಕೊಬ್ಬರಿ ಶೆಡ್ಡಿನಲ್ಲಿ ಕೂತು ನಾವೇ ಪಿಚ್ಚರುಗಳಿಗೆ ಕೊನೆ ಹಾಕಿಕೊಳ್ಳುತ್ತಿದ್ದೆವು. ಹೀಗಾಗಿರಬೇಕು, ಹಾಗಾಗಿರಬೇಕು ಎಂದು ಒಬ್ಬೊಬ್ಬರು ಒಂದೊಂದು ಹೇಳಿ, ಒಂದು ವಾರದೊಳಗೆ ಎಲ್ಲರೂ ಒಪ್ಪಿದ ಒಂದು ಕೊನೆ ಗಟ್ಟಿಯಾಗುತ್ತಿತ್ತು. ಒಂದು ಹಳೆಯ ಪಿಚ್ಚರಿನಲ್ಲಿ ಗಂಡ ಸತ್ತ ಹುಡುಗಿಯೊಬ್ಬಳಿದ್ದಳು, ಅವಳಿಗೆ ಊರಿನ ಡಾಕ್ಟರ ಮೇಲೆ ಮನಸ್ಸು. ಅವಳನ್ನು ಆ ಡಾಕ್ಟರಿಗೇ ಮದುವೆ ಮಾಡಿಕೊಟ್ಟು ನಾವು ಹದಿನೈದು ವರ್ಷ ನೆಮ್ಮದಿಯಾಗಿದ್ದೆವು. ಒಂದು ದಿನ ಸುಲಿಯುವವನೊಬ್ಬ ನಮ್ಮ ಮಾತು ಕೇಳಿಸಿಕೊಂಡು ಬಿದ್ದು ಬಿದ್ದು ನಕ್ಕ. "ಅಯ್ಯೋ, ಡಾಕ್ಟರ್‌ನ ಕೊನೇ ಫೈಟಲ್ಲೇ ಗುಂಡ್ ಹೊಡ್ದು ಸಾಯಿಸ್ತಾರೆ ಕಣ್ರಕ್ಕಾ!" ಗಂಗಲಕ್ಷ್ಮಿ ಕರಟವನ್ನು ಕೆಳಗಿಟ್ಟು, "ಆ ಹುಡುಗಿ?" ಅಂದಳು. ಅವನು ತಲೆ ಕೆರೆದುಕೊಂಡ. "ಅದು ಗೊತ್ತಿಲ್ಲ ಕಣಕ್ಕ. ಅವಳು ಬರೋ ಹೊತ್ತಿಗೆಲ್ಲ ನಾವು ಬೀಡಿ ಸೇದಕ್ಕೆ ಆಚೆ ಹೋಯ್ತಿದ್ವಿ."

ಹೀಗೆ ಒಂದೇ ಪಿಚ್ಚರಿಗೆ ಹೋಗಿ ಅವರು ಒಂದಷ್ಟು ನೋಡುತ್ತಾರೆ, ನಾವು ಒಂದಷ್ಟು ನೋಡುತ್ತೇವೆ. ಹೆಂಗಸರು ಅಳುವ ಜಾಗದಲ್ಲಿ ಅವರು ಬೀಡಿಗೆ ಏಳುತ್ತಾರೆ, ಹೊಡೆದಾಟದ ಜಾಗದಲ್ಲಿ ನಾವು ಅಳುವ ಮಗುವನ್ನು ಎತ್ತಿಕೊಂಡು ಆಚೆ ನಿಲ್ಲುತ್ತೇವೆ. ಕೊನೆ ಮಾತ್ರ ಪೂರ್ತಿ ಅವರದು. ಇದರಿಂದ ಯಾರಿಗೂ ಏನೂ ತೊಂದರೆ ಇಲ್ಲ ಎಂದೇ ನಾನು ತಿಳಿದಿದ್ದೆ. ಕಳೆದ ವರ್ಷ ಸುಷ್ಮಿತಾ ಮನೆಗೆ ಬರುವತನಕ.

ಸುಷ್ಮಿತಾ ಗಂಗಲಕ್ಷ್ಮಿಯ ಒಬ್ಬಳೇ ಮಗಳು. ಔಷಧಿ ಅಂಗಡಿ ಕೆಲಸದ ಡಿಪ್ಲೊಮಾ ಓದಿದ್ದಾಳೆ. ಶೆಟ್ಟಿಕೆರೆಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿರುವ ಭೀಮರಾಜುವಿಗೆ ಕೊಟ್ಟಿದ್ದರು. ಮದುವೆಯಾಗಿ ಒಂದು ವರ್ಷಕ್ಕೆ ಅವಳು ಚಿಕ್ಕನಾಯಕನಹಳ್ಳಿಯ ಒಂದು ಮೆಡಿಕಲ್ ಸ್ಟೋರಿಗೆ ಕೆಲಸಕ್ಕೆ ಸೇರಿದಳು, ಗಂಡನನ್ನು ಕೇಳಿಯೇ. ಅವನು "ಹೂಂ" ಅಂದಿದ್ದ. ಒಂದು ವಾರ ಹೋಗಿ ಬಂದಳು. ಎಂಟನೇ ದಿನದಿಂದ ಅವನು ಮಾತು ಬಿಟ್ಟ. ಅವಳು ಕೆಲಸ ಬಿಟ್ಟರೂ ಮಾತು ಬರಲಿಲ್ಲ. ಊಟಕ್ಕೆ ಕೂತರೆ ತಾಯಿಯ ಕಡೆ ತಿರುಗಿ "ಸಾರು ಹಾಕಕ್ಕೆ ಹೇಳು" ಅನ್ನುತ್ತಿದ್ದ, ಹೆಂಡತಿ ಪಕ್ಕದಲ್ಲೇ ಸೌಟು ಹಿಡಿದು ನಿಂತಿದ್ದರೂ. ಹೀಗೆ ಎಂಟು ತಿಂಗಳು. ಒಂದು ದಿನ ಅವಳಿಗೆ ಜ್ವರ ಬಂದು ಮಲಗಿದ್ದಾಗ ಬಾಗಿಲಲ್ಲಿ ನಿಂತು ನೋಡಿ, ಏನೂ ಅನ್ನದೆ ಅಂಗಡಿಗೆ ಹೋದನಂತೆ. ಜ್ವರ ಇಳಿದ ಮೇಲೆ ಅವಳು ಬಸ್ಸು ಹತ್ತಿ ತಾಯಿಯ ಮನೆಗೆ ಬಂದಳು.

ಇದನ್ನು ಅವಳು ನನಗೆ ಹೇಳಿದ್ದು ನಮ್ಮ ಮನೆಯ ಜಗುಲಿಯಲ್ಲಿ ಹೂ ಕಟ್ಟುತ್ತಾ, ಮೂರು ಸಂಜೆಗಳಲ್ಲಿ, ಚೂರು ಚೂರಾಗಿ. ಅಳಲಿಲ್ಲ. "ಆಂಟಿ, ಆ ಮನೇಲಿ ನಾನು ಇದೀನೋ ಇಲ್ವೋ ಅಂತ ನಂಗೇ ಡೌಟ್ ಬರೋದು" ಅಂದಳು, ಅಷ್ಟೇ.

ಗಂಡಸರಿಗೆ ಇದು ಅರ್ಥವೇ ಆಗಲಿಲ್ಲ. ರಾಜಣ್ಣ ಕೆಟ್ಟವನಲ್ಲ, ಮಗಳೆಂದರೆ ಪ್ರಾಣ. ಆದರೆ ಅವನದು ಒಂದೇ ಹಾಡು. "ಹೊಡ್ದಿಲ್ಲ. ಬೈದಿಲ್ಲ. ಕುಡಿಯಲ್ಲ. ಮಾತಾಡ್ಲಿಲ್ಲ ಅಂತ ಯಾರಾದ್ರೂ ಗಂಡನ್ ಮನೆ ಬುಟ್ಟು ಬತ್ತಾರಾ?" ಊರಿನ ಜಗಳಗಳನ್ನು ತೀರ್ಮಾನ ಮಾಡುವ ಬಸವರಾಜಪ್ಪನವರೂ ಅದನ್ನೇ ಹೇಳಿದರು. ಎರಡು ವಾರ ಬಿಟ್ಟು ಒಂದು ಭಾನುವಾರ ಕೂತು ಮಾತಾಡಿ, ಹುಡುಗಿಯನ್ನು ತಾವೇ ಶೆಟ್ಟಿಕೆರೆಗೆ ಬಿಟ್ಟುಬರುವುದು ಎಂದು ಗೊತ್ತಾಯಿತು.

ಇದರ ನಡುವೆ ಆ ಪಿಚ್ಚರ್ ಬಂತು. ನಮ್ಮಲ್ಲಿ ಮೊದಲು ಗಂಡಸರು ನೋಡಿಬಂದು "ಫ್ಯಾಮಿಲಿ ನೋಡ್ಬೋದು" ಎಂದು ಪಾಸು ಮಾಡಿದ ಮೇಲೆಯೇ ಹೆಂಗಸರನ್ನು ಕರೆದುಕೊಂಡು ಹೋಗುವುದು. ರಾಜಣ್ಣ ಮೊದಲ ದಿನವೇ ಜೊತೆಯವರೊಂದಿಗೆ ನೋಡಿ, ಪಾಸು ಮಾಡಿ, ಪಿಚ್ಚರ್ ಬಂದ ವಾರದ ಭಾನುವಾರವೇ ಹೆಂಡತಿ ಮಗಳನ್ನು ಕರೆದುಕೊಂಡು ಹೋಗಿದ್ದ. ಅದರಲ್ಲಿ ಹೀರೋಗೆ ಒಬ್ಬಳು ಅಕ್ಕ. ಗಂಡನ ಮನೆ ಬಿಟ್ಟು ಬಂದವಳು. ನವಾಜ್ ಬಾಗಿಲು ತೆಗೆಯುವ ಹೊತ್ತಿಗೆ ಅವಳು ಇನ್ನೂ ತವರಿನಲ್ಲೇ ಇದ್ದಳು. ಇವರು ಎದ್ದು ಬಂದರು.

ಮಾರನೆಯ ದಿನದಿಂದ ರಾಜಣ್ಣನಿಗೆ ಹೊಸದೊಂದು ಆಧಾರ ಸಿಕ್ಕಿತು. "ಆ ಪಿಚ್ಚರಲ್ಲಿ ನೋಡ್ದಲ್ಲ, ಆ ಅಕ್ಕನೂ ಬಂದಿದ್ಲು. ಕೊನೆಗೇನಾಯ್ತು? ಗಂಡ ಬಂದು ಕೈ ಮುಗೀತಾನೆ, ವಾಪಸ್ ಹೋಯ್ತಾಳೆ."

"ಹೋಯ್ತಾಳಾ?" ಅಂದಳು ಗಂಗಲಕ್ಷ್ಮಿ.

"ಹೋಗ್ದೆ ಇನ್ನೇನು! ನಾನ್ ನೋಡಿದೀನಿ ಕಣೇ."

ಬಸವರಾಜಪ್ಪನವರನ್ನು ಕೇಳಿದರೆ ಅವರೂ ಹಾಗೇ ಅಂದರು. "ಹೂಂ ಕಣಮ್ಮ, ಹೋಯ್ತಾಳೆ. ಅಷ್ಟು ಓದ್ಕೊಂಡು ಪಿಚ್ಚರ್ ತೆಗೆಯೋರಿಗೆ ಸಂಸಾರ ಅಂದ್ರೆ ಏನು ಅಂತ ಗೊತ್ತಿಲ್ವಾ?" ಕಾಯಿ ಸುಲಿಯುವವರೂ ಹಾಗೇ ಅಂದರು. ಇಡೀ ಊರಿನ ಗಂಡಸರದು ಒಂದೇ ಸಾಕ್ಷಿ. ಎದುರಿಗೆ ನಿಂತು ಅಲ್ಲ ಅನ್ನುವುದಕ್ಕೆ ನೋಡಿದ ಹೆಂಗಸು ಒಬ್ಬಳೂ ಇಲ್ಲ.

ಸುಷ್ಮಿತಾ ಮಾತ್ರ "ಪಿಚ್ಚರಲ್ಲಿ ಏನಾದ್ರೆ ನಂಗೇನಮ್ಮ" ಎಂದು ಸುಮ್ಮನಾದಳು. ಆದರೆ ಗಂಗಲಕ್ಷ್ಮಿ ಅದನ್ನು ಬಿಡಲಿಲ್ಲ. ಎರಡನೆಯ ವಾರದ ಗುರುವಾರ ಶೆಡ್ಡಿನಲ್ಲಿ ನನ್ನ ಪಕ್ಕ ಕೂತು ಬಿರಬಿರನೆ ಒಡೆಯುತ್ತಿದ್ದವಳು ತಟ್ಟನೆ ಕೈ ನಿಲ್ಲಿಸಿದಳು. "ವಿಮಲಕ್ಕ, ಆ ಹೆಂಗಸು ವಾಪಸ್ ಹೋಗೋ ತರದವಳಲ್ಲ ಕಣಕ್ಕ. ನಾನು ಎರಡೂವರೆ ಗಂಟೆ ಅವಳ ಮುಖ ನೋಡಿದೀನಿ. ಅವ್ಳಪ್ಪ ಸತ್ತ ಸುದ್ದೀನ ಆ ಗಂಡ ಮೂರು ದಿನ ಮುಚ್ಚಿಟ್ಟಿದ್ದ. ಮನೇಲಿ ಏನೋ ಶುಭಕಾರ್ಯ ಇದೆ ಅಂತ. ಅಪ್ಪನ ಮಣ್ಣಿಗೂ ಹೋಗಕ್ಕಾಗ್ಲಿಲ್ಲ ಅವಳಿಗೆ. ಅಂಥೋಳು ಹೋಯ್ತಾಳಾ?"

"ಪಿಚ್ಚರಿನವರು ಹಾಗೇ ಮಾಡಿರ್ತಾರೇನೋ, ಗಂಗೂ."

"ಮಾಡಿದ್ರೆ ಮಾಡಿರ್ಲಿ. ನಾನು ನನ್ ಕಣ್ಣಲ್ಲಿ ನೋಡ್ಬೇಕು. ಇವರ ಬಾಯಲ್ಲಿ ಕೇಳಿ ನನ್ ಮಗಳನ್ನ ಕಳಿಸಲ್ಲ."

ಮಾರನೆಯ ದಿನ, ಶುಕ್ರವಾರ, ಪಿಚ್ಚರ್ ಬದಲಾಗುತ್ತಿತ್ತು. ಗುರುವಾರವೇ ಮ್ಯಾಟಿನಿಗೆ ಹೋಗಬೇಕು. ರಾಜಣ್ಣ ನಾರಿನ ಫ್ಯಾಕ್ಟರಿಗೆ ಸಿಪ್ಪೆ ಹೊಡೆಯಲು ತಿಪಟೂರಿಗೆ ಹೊರಟಿದ್ದ. ನನಗೂ ಅಲ್ಲಿಯ ದೇವಸ್ಥಾನದಲ್ಲಿ ಹರಕೆಯ ಕಾಯಿ ಒಡೆಸುವುದು ಬಾಕಿ ಇತ್ತು. ಮೂವರೂ ಆಟೊದ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಹೋದೆವು. "ನೋಡಿದ್ ಪಿಚ್ಚರ್‌ನೇ ನೋಡೋದಕ್ಕೆ ಹುಚ್ಚಾ ನಿಂಗೆ?" ಎಂದು ದಾರಿಯುದ್ದಕ್ಕೂ ರಾಜಣ್ಣ ಗೊಣಗಿದ. "ನೋಡಿಲ್ವಲ್ಲ" ಅಂದಳು ಅವಳು.

ದೇವರ ದರ್ಶನ ಮುಗಿಸಿ ಥಿಯೇಟರಿಗೆ ಹೋದೆವು. ಒಳಗೆ ನಲವತ್ತು ಜನ ಇದ್ದರೇನೋ. ರಾಜಣ್ಣ ನಮ್ಮಿಬ್ಬರನ್ನೂ ಗೋಡೆಯ ಕಡೆ ಕೂರಿಸಿ, ತಾನು ಈಚೆ ತುದಿಯಲ್ಲಿ ಬೇಲಿಯ ಹಾಗೆ ಕೂತ. ಅಕ್ಕ ಗಂಡನ ಮನೆಯ ಸಂಗತಿಯನ್ನು ತಮ್ಮನಿಗೆ ಹೇಳುವ ಸೀನು ಬಂತು. ನಾನು ಕಣ್ಣು ಒರೆಸಿಕೊಂಡು ತಿರುಗಿ ನೋಡಿದರೆ ರಾಜಣ್ಣನ ಸೀಟು ಖಾಲಿ. ಆ ಸೀನು ಮುಗಿದು ಹಾಡು ಶುರುವಾದ ಮೇಲೆ ಬೀಡಿ ವಾಸನೆಯ ಜೊತೆ ಬಂದು ಕೂತ. ಗಂಗಲಕ್ಷ್ಮಿ ಅವನನ್ನೊಮ್ಮೆ, ಅವನ ಸೀಟನ್ನೊಮ್ಮೆ ನೋಡಿ ನನ್ನ ಕಡೆ ತಿರುಗಿ ಕಣ್ಣು ಅಗಲಿಸಿದಳು.

ಕೊನೆಯ ಫೈಟು ಶುರುವಾಯಿತು. ನವಾಜ್ ಬಂದು ಬಾಗಿಲು ತೆರೆದ. ಬಿಸಿಲು ಬಿತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಯಾತಕ್ಕೆ ಬಂದಿದ್ದೇವೆ ಎಂಬುದು ಗೊತ್ತಿದ್ದೂ ನಾನು ಚೀಲ ಎತ್ತಿಕೊಂಡು ಎದ್ದು ನಿಂತೆ. ಕಾಲಿಗೆ ಅಷ್ಟು ರೂಢಿ. ಗಂಗಲಕ್ಷ್ಮಿ ನನ್ನ ಸೆರಗು ಹಿಡಿದು ಎಳೆದು ಕೂರಿಸಿದಳು. ಮುಂದಿನ ಸಾಲಿನ ನಾಲ್ಕು ಹೆಂಗಸರು, ಎರಡು ಮಕ್ಕಳು ಎದ್ದು ಹೋದರು. ರಾಜಣ್ಣನೂ ಎದ್ದ.

"ಏಳು, ಏಳು."

"ಕುಂತ್ಕಳ್ರೀ."

"ಏ, ಫೈಟ್ ಶುರುವಾಯ್ತು ಕಣೇ!"

"ಆಗ್ಲಿ. ನಾನೇನ್ ಮಧ್ಯ ಹೋಗ್ತೀನಾ?"

ಹಿಂದಿನಿಂದ ಯಾರೋ, "ಏಯ್ ಯಜಮಾನ್ರೇ, ಸಂಸಾರ ಮನೇಲಿಟ್ಕಳಿ, ತಲೆ ಅಡ್ಡ ಬತ್ತೈತೆ!" ಎಂದು ಕೂಗಿದರು. ರಾಜಣ್ಣ ಧಡಕ್ಕನೆ ಕೂತ. ನವಾಜ್ ಪರದೆ ಹಿಡಿದುಕೊಂಡು ನಮ್ಮನ್ನೇ ಕಾಯುತ್ತಾ ನಿಂತಿದ್ದ. "ಅಮ್ಮಾ, ಬರಲ್ವಾ? ಬಾಗ್ಲು ಹಾಕ್ಲಾ?"

"ಹಾಕಪ್ಪ" ಅಂದಳು ಗಂಗಲಕ್ಷ್ಮಿ. "ಏನೂ ಕಾಣ್ತಿಲ್ಲ ನಿನ್ ಬಾಗ್ಲಿಂದ."

ಬಾಗಿಲು ಮುಚ್ಚಿತು. ಐವತ್ತು ದಾಟಿದ ನಾವಿಬ್ಬರೂ ಮೊದಲ ಸಲ ಕತ್ತಲಲ್ಲಿ ಕೂತು ಕೊನೆಯ ಫೈಟು ನೋಡಿದೆವು. ಹೀರೋ ಹೊಡೆದ, ಹೊಡೆಸಿಕೊಂಡ, ಮತ್ತೆ ಹೊಡೆದ. ಒಂದು ಲಾರಿ ಸುಟ್ಟುಹೋಯಿತು. ಗಂಗಲಕ್ಷ್ಮಿ ಆಕಳಿಸಿದಳು. "ಇದನ್ನ ನೋಡೋದಕ್ಕಾ ಇವರು ಇಷ್ಟು ವರ್ಷ ಕೂತಿದ್ದು?" ಎಂದು ನನ್ನ ಕಿವಿಯಲ್ಲಿ ಕೇಳಿದಳು. ನಾನು ಸುಮ್ಮನಿರು ಎಂದು ಅವಳ ತೊಡೆ ತಟ್ಟಿದೆ.

ಆಮೇಲೆ ಆ ಸೀನು ಬಂತು. ಒಂದು ನಿಮಿಷವೂ ಇಲ್ಲ. ಮನೆಯ ಅಂಗಳ. ಗಂಡ ಬಂದು ನಿಂತು ಕೈ ಮುಗಿಯುತ್ತಾನೆ. ಅಕ್ಕ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಹೊರಗೆ ಬರುತ್ತಾಳೆ. ಅವನನ್ನು ನೋಡುತ್ತಾಳೆ. ಏನೂ ಅನ್ನುವುದಿಲ್ಲ. ತಿರುಗಿ ಒಳಗೆ ಹೋಗುತ್ತಾಳೆ. ಬಾಗಿಲು ಮುಚ್ಚುತ್ತದೆ. ಒಳಗೆ ಅಗಳಿ ಹಾಕಿದ ಸದ್ದು. ಅಷ್ಟೇ. ಅಲ್ಲಿಂದ ನೇರ ಹೀರೋ ಮದುವೆ, ಹಾಡು, ಎಲ್ಲರೂ ನಿಂತು ಫೋಟೋ. ಫೋಟೋದಲ್ಲಿ ಅಕ್ಕ ತಮ್ಮನ ಪಕ್ಕ ನಿಂತಿದ್ದಾಳೆ. ಗಂಡ ಎಲ್ಲೂ ಇಲ್ಲ.

ದೀಪ ಹತ್ತಿತು. ಗಂಗಲಕ್ಷ್ಮಿ ಏಳಲಿಲ್ಲ. "ನೋಡಿದ್ರಾ?" ಅಂದಳು ಗಂಡನಿಗೆ.

"ನೋಡ್ದೆ. ನಾನ್ ಹೇಳ್ದಂಗೇ ಆಯ್ತಲ್ಲ. ಬಂದು ಕೈ ಮುಗ್ದ. ಹೋದ್ಲು."

"ಎಲ್ಲಿಗ್ ಹೋದ್ಲು?"

"ಒಳಕ್ಕೆ."

"ಒಳಕ್ಕೆ ಯಾಕ್ ಹೋದ್ಲು?"

"ಬ್ಯಾಗ್ ತರಕ್ಕೆ."

ಗಂಗಲಕ್ಷ್ಮಿ ಹಣೆ ಹಣೆ ಚಚ್ಚಿಕೊಂಡಳು. "ಅಗಳಿ ಹಾಕ್ಕೊಂಡು ಯಾರಾದ್ರೂ ಬ್ಯಾಗ್ ತುಂಬ್ತಾರೇನ್ರೀ? ಸದ್ದು ಕೇಳಿಸ್ಲಿಲ್ವಾ ನಿಮ್ಗೆ?"

"ಯಾವ ಸದ್ದು?"

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ಕಷ್ಟ. ಸುಳ್ಳು ಹೇಳುವವನ ಜೊತೆ ಜಗಳವಾಡಬಹುದು. ಇವನು ಎರಡು ಸಲ ಅದೇ ಜಾಗದಲ್ಲಿ ಕೂತು, ಅದೇ ಬಾಗಿಲು ಮುಚ್ಚುವುದನ್ನು ನೋಡಿ, ಎರಡು ಸಲವೂ ಹೆಂಗಸು ಗಂಡನ ಮನೆಗೆ ಹೊರಟಳು ಎಂದೇ ನೋಡಿದ್ದ. ಗಂಡ ಕೈ ಮುಗಿದ ಅಂದ ಮೇಲೆ ಅಲ್ಲಿಗೆ ಮುಗಿಯಿತಲ್ಲ, ಇನ್ನೇನಿದೆ?

"ಅವಳು ಯಾಕೆ ಮನೆ ಬಿಟ್ಟು ಬಂದಿದ್ದು, ಅದಾದ್ರೂ ಹೇಳಿ ನೋಡಣ" ಅಂದಳು ಗಂಗಲಕ್ಷ್ಮಿ.

ರಾಜಣ್ಣ ಯೋಚಿಸಿದ. "ಏನೋ... ಅತ್ತೆ ಕಾಟ ಇರ್ಬೇಕು."

ಹೊರಗೆ ಬಂದಾಗ ನವಾಜ್ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಗಂಗಲಕ್ಷ್ಮಿ ನೇರ ಅವನ ಹತ್ತಿರ ಹೋದಳು. "ನವಾಜಪ್ಪ, ಹದಿಮೂರು ದಿನದಿಂದ ದಿನಕ್ಕೆ ನಾಲ್ಕು ಆಟ ನೋಡ್ತಿದೀಯ. ನೀನೇ ಹೇಳು, ಆ ಅಕ್ಕ ವಾಪಸ್ ಹೋಯ್ತಾಳಾ, ಇಲ್ವಾ?"

ನವಾಜ್ ಸಂಕೋಚದಿಂದ ನಕ್ಕ. "ನಂಗೆಂಗೊತ್ತಮ್ಮಾ? ಆ ಟೈಮಿಗೆ ನಾನು ನಿಮ್ಗೆ ಬಾಗ್ಲು ತೆಗೀತಾ ಇರ್ತೀನಲ್ಲ. ನಿಮ್ ಕಡೆ ನೋಡ್ತೀನೋ, ತೆರೆ ಕಡೆ ನೋಡ್ತೀನೋ?"

ಆಟೊದಲ್ಲಿ ಊರು ಸೇರುವತನಕ ಗಂಡ ಹೆಂಡತಿ ಬಾಗಿಲು, ಬ್ಯಾಗು, ಬಾಗಿಲು, ಬ್ಯಾಗು ಎಂದು ಕಿತ್ತಾಡಿದರು. ನಡುವೆ ಕೂತ ನನಗೆ ದೇವರ ದರ್ಶನದಿಂದ ಬಂದ ನೆಮ್ಮದಿಯೆಲ್ಲ ಇಳಿದುಹೋಯಿತು.

ಭಾನುವಾರ ಬೆಳಿಗ್ಗೆ ಬಸವರಾಜಪ್ಪನವರು ಬಂದರು. ಅವರ ಜೊತೆ ರಾಜಣ್ಣನ ದೊಡ್ಡಪ್ಪನ ಮಗ ಅಣ್ಣಯ್ಯನೂ ಬಂದ. ಗಂಗಲಕ್ಷ್ಮಿ ನನ್ನನ್ನು ಕರೆಸಿ ನಡುಮನೆಯಲ್ಲಿ ಕೂರಿಸಿದ್ದಳು. ಸುಷ್ಮಿತಾ ಕಾಫಿ ತಂದುಕೊಟ್ಟು ಕಂಬಕ್ಕೆ ಒರಗಿ ನಿಂತಳು. ಬಸವರಾಜಪ್ಪ ಮಾತು ಶುರುಮಾಡಿದ್ದೇ ಪಿಚ್ಚರಿನಿಂದ. "ನೋಡು ಮಗಾ, ಗಂಡ ಹೆಂಡ್ತಿ ಅಂದ್ಮೇಲೆ ಬತ್ತದೆ ಹೋಯ್ತದೆ. ಈಗ ಆ ಪಿಚ್ಚರಲ್ಲೇ..."

"ಹೋಗಲ್ಲ" ಅಂದಳು ಗಂಗಲಕ್ಷ್ಮಿ.

"ಏನು?"

"ಆ ಹೆಂಗಸು ಹೋಗಲ್ಲ. ನಾನು ಪೂರ್ತಿ ನೋಡಿ ಬಂದಿದೀನಿ. ಬಾಗ್ಲು ಹಾಕ್ಕೊಳ್ತಾಳೆ, ಅಗಳಿ ಹಾಕ್ತಾಳೆ. ಫೋಟೋದಲ್ಲಿ ಗಂಡ ಇಲ್ಲ. ವಿಮಲಕ್ಕನೂ ನೋಡವ್ರೆ, ಕೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು. ಸಭೆಯಲ್ಲಿ ಮಾತಾಡಿ ನನಗೆ ಅಭ್ಯಾಸವಿಲ್ಲ. ಕಂಡದ್ದನ್ನು ಕಾಣಲಿಲ್ಲ ಅನ್ನುವುದೂ ಗೊತ್ತಿಲ್ಲ. "ಹೌದು, ಅಗಳಿ ಹಾಕಿದ ಸದ್ದು ನನಗೂ ಕೇಳಿಸಿತು" ಅಂದೆ.

ಅಣ್ಣಯ್ಯ, "ನಾನೂ ನೋಡಿದೀನಿ, ಅಗಳಿ ಗಿಗಳಿ ಏನೂ ಇಲ್ಲ" ಅಂದ. ರಾಜಣ್ಣ ಬ್ಯಾಗಿನ ಮಾತು ತೆಗೆದ. ಬಸವರಾಜಪ್ಪ ಫೋಟೋದಲ್ಲಿ ಗಂಡ ಹಿಂದಿನ ಸಾಲಿನಲ್ಲಿದ್ದ ಅಂದರು. ಯಾವ ಬಣ್ಣದ ಶರಟು ಎಂದು ಗಂಗಲಕ್ಷ್ಮಿ ಕೇಳಿದಳು. ಅವರಿಗೆ ಗೊತ್ತಿರಲಿಲ್ಲ. ಅಕ್ಕನ ಸೀರೆ ಯಾವ ಬಣ್ಣ ಎಂದು ಕೇಳಿದಳು. ಅದೂ ಗೊತ್ತಿರಲಿಲ್ಲ. "ಕಡುಹಸಿರು, ಅರಿಶಿನದ ಅಂಚು. ಎಡಕ್ಕೆ ತಮ್ಮ, ಬಲಕ್ಕೆ ತಾಯಿ. ಹಿಂದೆ ಯಾರೂ ಇಲ್ಲ, ಗೋಡೆ" ಅಂದಳು ಅವಳು. ಕಾಲು ಗಂಟೆ ಹೀಗೇ ನಡೆಯಿತು. ಯಾರ ಬದುಕಿಗಾಗಿ ಕೂತಿದ್ದೆವೋ ಆ ಹುಡುಗಿ ಕಂಬಕ್ಕೆ ಒರಗಿ ಎಲ್ಲರ ಮುಖವನ್ನೂ ಒಬ್ಬೊಬ್ಬರದಾಗಿ ನೋಡುತ್ತಿದ್ದಳು.

ಕೊನೆಗೆ ಬಸವರಾಜಪ್ಪನವರು ಕೈ ಎತ್ತಿದರು. "ಬುಡಮ್ಮ ಅತ್ಲಾಗೆ! ಪಿಚ್ಚರ್ ನೋಡ್ಕೊಂಡು ಯಾರಾದ್ರೂ ಸಂಸಾರ ಮಾಡ್ತಾರಾ? ಅದೆಲ್ಲ ಕಟ್ಟುಕತೆ."

ಹತ್ತು ದಿನದಿಂದ ಊರಿನ ಗಂಡಸರೆಲ್ಲ ಅದೇ ಪಿಚ್ಚರನ್ನು ವೇದದ ಹಾಗೆ ಹೇಳಿದ್ದರು. ಗಂಗಲಕ್ಷ್ಮಿ ಹೋಗಿ ನೋಡಿ ಬಂದ ಕೂಡಲೇ ಅದು ಕಟ್ಟುಕತೆಯಾಯಿತು! ನನಗೇ ಅಷ್ಟು ರೇಗಿತೆಂದರೆ, ಮನಸ್ಸಿನಲ್ಲಿ ಶಿವ ಶಿವ ಎಂದುಕೊಳ್ಳಬೇಕಾಯಿತು.

"ಸರಿ, ಬುಟ್ಟೆ" ಅಂದಳು ಗಂಗಲಕ್ಷ್ಮಿ. "ಪಿಚ್ಚರ್ ಬುಡೋಣ. ಇವಳನ್ನ ಕೇಳಿ. ಇಲ್ಲಿತನಕ ಯಾರೂ ಕೇಳಿಲ್ಲ."

ಸುಷ್ಮಿತಾ ಕಂಬ ಬಿಟ್ಟು ಮುಂದೆ ಬಂದಳು. "ಅಜ್ಜ, ಅವರು ಕೈ ಮುಗಿಯೋದು ಬೇಡ. ನೀವೇ ಫೋನ್ ಮಾಡಿ. ಅವರ ಬಾಯಲ್ಲಿ 'ಬಾ' ಅನ್ಲಿ. ಒಂದೇ ಮಾತು. ಈಗ್ಲೇ ಹೊರಡ್ತೀನಿ."

"ಇಷ್ಟೇನಾ!" ಎಂದು ಬಸವರಾಜಪ್ಪನವರಿಗೆ ಖುಷಿಯಾಯಿತು. ರಾಜಣ್ಣನ ಮುಖವೂ ಅರಳಿತು. ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ ಚಾಪೆಯ ಮೇಲಿಟ್ಟರು.

"ಭೀಮರಾಜು, ನಾನಪ್ಪ, ಬಿಳಿಗೆರೆ ಬಸವರಾಜಪ್ಪ. ಹುಡುಗಿ ಬತ್ತೀನಿ ಅಂತಿದಾಳೆ. ಇಲ್ಲೇ ಅವಳೆ, ಒಂದ್ ಮಾತು 'ಬಾ' ಅಂದ್ಬುಡಪ್ಪ."

ಆ ಕಡೆಯಿಂದ ಏನೂ ಬರಲಿಲ್ಲ. ಅಂಗಡಿಯ ಮುಂದೆ ಲಾರಿ ಹೋದ ಸದ್ದು ಕೇಳಿಸಿತು. ಫೋನು ಕೈ ಬದಲಾಯಿತು. ಹೆಂಗಸಿನ ದನಿ ಬಂತು.

"ನಾನು ಅವರಮ್ಮ ಮಾತಾಡೋದು. ಏನ್ ಹೇಳ್ಬೇಕು ಹೇಳಿ, ನಾನ್ ಹೇಳ್ತೀನಿ ಅವನ್ಗೆ."

"ಅವನಿಲ್ವಾ ತಾಯಿ?"

"ಇಲ್ಲೇ ಕುಂತವ್ನೆ."

"ಅವನ್ ಕೈಗೇ ಕೊಡಮ್ಮ. ಒಂದೇ ಮಾತು."

"ಬಂದ್ರೆ ಬರ್ಲಿ ಅಂತವ್ನೆ."

"ನಂಗೇನೂ ಕೇಳಿಸ್ಲಿಲ್ವಲ್ಲ. ಯಾವಾಗಂದ?"

"ಅನ್ನಲಿಲ್ಲ. ತಲೆ ಆಡಿಸ್ದ."

ಬಸವರಾಜಪ್ಪನವರು ಇನ್ನೂ ಎರಡು ಸಲ ಕೇಳಿದರು. ಊರ ಹಿರಿಯ ಕೇಳುತ್ತಿದ್ದೇನೆ ಅಂದರು. ಆ ತಾಯಿ ಪಾಪ, "ಮಾತಾಡೋ ಮಗಾ, ದೊಡ್ಡೋರು" ಎಂದು ಅಂಗಲಾಚಿದ್ದೂ ಕೇಳಿಸಿತು. ಅವನ ಉಸಿರೂ ಬರಲಿಲ್ಲ. ಬಸವರಾಜಪ್ಪನವರು ಫೋನು ಕಟ್ ಮಾಡಿ, ಶಲ್ಯ ಸರಿಮಾಡಿಕೊಂಡರು. ತಾವು ಕೇಳಿದ್ದಕ್ಕೆ ಯಾರಾದರೂ ಉತ್ತರವೇ ಕೊಡದೆ ಇದ್ದದ್ದು ಅವರಿಗೆ ಬಹುಶಃ ಅದೇ ಮೊದಲು. ಎರಡು ನಿಮಿಷಕ್ಕೇ ಅವರ ಮುಖ ಕೆಂಪಾಗಿತ್ತು.

"ಇದೇನ್ಲಾ ಇದು" ಅಂದರು, ಯಾರಿಗೆ ಎಂದಿಲ್ಲ. ಕಾಫಿಯನ್ನು ಅರ್ಧಕ್ಕೆ ಬಿಟ್ಟು ಎದ್ದರು. ಅಣ್ಣಯ್ಯ ಹಿಂದೆಯೇ ಹೋದ.

ರಾಜಣ್ಣ ಚಾಪೆಯ ಮೇಲೆ ಕೂತೇ ಇದ್ದ. ಮಗಳನ್ನು ನೋಡಿದ. "ಎಂಟು ತಿಂಗಳೂ ಹಿಂಗೇನಾ?" ಎಂದು ಕೇಳಿದ. ಅವಳು ತಲೆ ಆಡಿಸಲಿಲ್ಲ. "ಹಿಂಗೇ ಅಪ್ಪ" ಎಂದು ಬಾಯಿಬಿಟ್ಟೇ ಹೇಳಿದಳು.

ಎರಡು ದಿನ ಬಿಟ್ಟು ರಾಜಣ್ಣ ಶೆಟ್ಟಿಕೆರೆಗೆ ಆಟೊ ಹೊಡೆದುಕೊಂಡು ಹೋದ. ಮಂಚ, ಬೀರು, ಮಿಕ್ಸಿ, ಅವಳ ಮಾರ್ಕ್ಸ್ ಕಾರ್ಡು ಎಲ್ಲವನ್ನೂ ತಾನೇ ಹೊತ್ತು ಹಾಕಿಕೊಂಡು ಬಂದ. ಈಗ ಸುಷ್ಮಿತಾ ತಿಪಟೂರಿನಲ್ಲಿ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೂರುತ್ತಾಳೆ. ಬೆಳಿಗ್ಗೆ ಸಿಪ್ಪೆ ಲೋಡಿನ ಜೊತೆ ಅಪ್ಪನೇ ಬಿಡುತ್ತಾನೆ.

ಮೊನ್ನೆ ಶೆಡ್ಡಿನ ಮುಂದೆ ಆಟೊ ನಿಲ್ಲಿಸಿಕೊಂಡು ಅವನು ಸುಲಿಯುವವರಿಗೆ ಹೇಳುತ್ತಿದ್ದ. "ನಂಗೆ ಮೊದ್ಲಿಂದ್ಲೇ ಆ ಹುಡುಗನ ಮೇಲೆ ಡೌಟು ಕಣ್ರಪ್ಪ. ಭಾನುವಾರ ಎಲ್ರನ್ನೂ ಕೂರಿಸ್ದೆ. ಫೋನ್ ಹಾಕ್ಸ್ದೆ. ಅಲ್ಲೇ ತೀರ್ಮಾನ ಮಾಡ್ಬುಟ್ಟೆ." ಅವರೆಲ್ಲ ತಲೆದೂಗಿದರು.

ಗಂಗಲಕ್ಷ್ಮಿ ಕೈಯಲ್ಲಿದ್ದ ಕಾಯಿ ಹಾಗೇ ಹಿಡಿದು ಪೂರ್ತಿ ಕೇಳಿಸಿಕೊಂಡಳು.

"ಹೇಳೇ, ಹಾಗಲ್ಲ ಅಂತ" ಅಂದೆ ನಾನು. ನನಗೆ ತಡೆಯಲಾಗಲಿಲ್ಲ.

"ಹೇಳಿದ್ರೆ 'ಯಾವ ಪಿಚ್ಚರು' ಅಂತಾರೆ ಕಣಕ್ಕ" ಅಂದಳು. ಅವಳ ಏಟು ಜೋರಾಗಿ ಬಿದ್ದು ಉಂಡೆ ಎರಡು ಹೋಳಾಯಿತು. ಅದನ್ನು ಚೂರಿನ ಬುಟ್ಟಿಗೆ ಎಸೆದು ಇನ್ನೊಂದನ್ನು ಎತ್ತಿಕೊಂಡಳು.